ಭಾವನೆ ಯಾಕೆ ಹುಟ್ಟುತ್ತದೆ, ಯಾಕೆ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು ನಾನು. ನರಮಂಡಲದ ಪಾಠ ಮುಗಿದ ದಿನ ಯಾರಾದರೊಬ್ಬರು ತರಗತಿಯ ಹೊರಗೆ ಕಾದು ನಿಂತು ಕೇಳುತ್ತಾರೆ: "ಮಿಸ್, ಪರೀಕ್ಷೆ ಹಾಲ್‌ನಲ್ಲಿ ಅಂಗೈ ಯಾಕೆ ಬೆವರುತ್ತೆ?" "ಕೋಪ ಬಂದರೆ ನನಗೆ ಅಳು ಯಾಕೆ ಬರುತ್ತೆ?" ಪೋಷಕರ ಸಭೆಗೆ ಬಂದವರು ಬೇರೆ ಥರದ ಪ್ರಶ್ನೆ ತರುತ್ತಾರೆ. ಕಾರಿಡಾರಿನಲ್ಲಿ ನಿಂತು ಕೊಟ್ಟ ಉತ್ತರ ಸಾಲದು ಅನ್ನಿಸುತ್ತಲೇ ಇತ್ತು. ಹಾಗಾಗಿ ಕೂತು ಬರೆದಿದ್ದೇನೆ.

ಭಾವನೆ ಅಂದರೆ ವಿಜ್ಞಾನ ಏನನ್ನುತ್ತದೆ?

ರಾತ್ರಿ ಒಬ್ಬರೇ ಮನೆಗೆ ನಡೆದು ಬರುತ್ತಿದ್ದೀರಿ. ಬೆನ್ನ ಹಿಂದೆ ನಾಯಿ ಗುರ್ ಎನ್ನುತ್ತದೆ. "ನನಗೆ ಭಯವಾಗುತ್ತಿದೆ" ಎಂದು ನೀವು ಹೇಳಿಕೊಳ್ಳುವ ಮೊದಲೇ ಎದೆಬಡಿತ ಏರಿದೆ, ಕಿವಿ ಆ ಒಂದು ಸದ್ದಿನ ಮೇಲೆ ನೆಟ್ಟಿದೆ, ಸಂಜೆಯಿಂದ ತಲೆಯಲ್ಲಿ ಸುತ್ತುತ್ತಿದ್ದ ಲೆಕ್ಕಾಚಾರ ಮಾಯವಾಗಿದೆ, ಕಾಲು ಓಡಲು ಸಜ್ಜಾಗಿದೆ. ನಮಗೆ ಮುಖ್ಯವಾದುದೇನೋ ನಡೆಯುತ್ತಿದೆ ಎಂದು ಮಿದುಳು ಲೆಕ್ಕ ಹಾಕಿದಾಗ ದೇಹ, ಗಮನ, ನೆನಪು, ಏನಾದರೂ ಮಾಡಬೇಕೆಂಬ ತುಡಿತ ಎಲ್ಲವೂ ಒಟ್ಟಿಗೆ ದಿಕ್ಕು ಬದಲಿಸುತ್ತವೆ. ಆ ಒಟ್ಟು ಬದಲಾವಣೆಗೆ ಭಾವನೆ ಎನ್ನುತ್ತೇವೆ. ಕರಾರುವಾಕ್ಕಾದ ವ್ಯಾಖ್ಯೆಯ ಬಗ್ಗೆ ಸಂಶೋಧಕರ ನಡುವೆ ಇಂದಿಗೂ ಜಗಳವಿದೆ. ಆದರೆ ದೇಹವನ್ನು ಬಿಟ್ಟು ಭಾವನೆಯ ಮಾತಾಡಲಾಗದು ಎಂಬುದನ್ನು ಬಹುತೇಕ ಎಲ್ಲರೂ ಒಪ್ಪುತ್ತಾರೆ.

ನಮ್ಮ ಭಾಷೆಗೆ ಇದು ಹೊಸ ಸಂಗತಿಯಲ್ಲ. ಅಸೂಯೆಗೆ ನಾವು ಹೊಟ್ಟೆಕಿಚ್ಚು ಅನ್ನುತ್ತೇವೆ. ಕನಿಕರ ಬಂದರೆ ಕರುಳು ಚುರುಕ್ ಅನ್ನುತ್ತದೆ, ದುಃಖಕ್ಕೆ ಗಂಟಲು ಕಟ್ಟುತ್ತದೆ, ಭಯಕ್ಕೆ ಜಂಘಾಬಲ ಉಡುಗುತ್ತದೆ. 2014ರಲ್ಲಿ ಫಿನ್ಲೆಂಡಿನ ಸಂಶೋಧಕರು ಯುರೋಪ್ ಮತ್ತು ಪೂರ್ವ ಏಷ್ಯಾದ 701 ಜನರಿಗೆ ದೇಹದ ಖಾಲಿ ಚಿತ್ರ ಕೊಟ್ಟು, ಯಾವ ಭಾವನೆಯಲ್ಲಿ ಎಲ್ಲಿ ಬಿಸಿಯೇರುತ್ತದೆ, ಎಲ್ಲಿ ಮಂದವಾಗುತ್ತದೆ ಎಂದು ಬಣ್ಣ ತುಂಬಲು ಹೇಳಿದರು. ಕೋಪಕ್ಕೆ ಎದೆ, ತಲೆ ಮತ್ತು ತೋಳು. ದುಃಖಕ್ಕೆ ಸೋತ ಕೈಕಾಲು. ಸಂತೋಷಕ್ಕೆ ಇಡೀ ಮೈ. ಎರಡೂ ಕಡೆಯ ಜನರ ಚಿತ್ರಗಳು ಬಹಳ ಹತ್ತಿರವಿದ್ದವು. ಭರತನ ನಾಟ್ಯಶಾಸ್ತ್ರ ಎಂಟು ಸಾತ್ವಿಕ ಭಾವಗಳನ್ನು ಪಟ್ಟಿ ಮಾಡುತ್ತದೆ: ಸ್ತಂಭ (ಮೈ ಮರಗಟ್ಟುವುದು), ಸ್ವೇದ (ಬೆವರು), ರೋಮಾಂಚ, ಸ್ವರಭೇದ (ದನಿ ಬದಲಾಗುವುದು), ನಡುಕ, ಮೈಬಣ್ಣ ಬದಲಾಗುವುದು, ಕಣ್ಣೀರು, ಮೂರ್ಛೆ. ಇವನ್ನು ಬೇಕೆಂದಾಗ ತಂದುಕೊಳ್ಳುವುದು ಕಷ್ಟ ಎಂಬುದೇ ಅವುಗಳ ವಿಶೇಷ. ಇವುಗಳಲ್ಲಿ ಹೆಚ್ಚಿನವನ್ನು ಇಂದಿನ ಶರೀರಶಾಸ್ತ್ರ ಸ್ವಯಂಚಾಲಿತ ನರಮಂಡಲದ ಕೆಲಸ ಎನ್ನುತ್ತದೆ. ಎರಡೂ ಪಟ್ಟಿಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದ ದಿನ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ರೋಮಾಂಚನವಾದದ್ದು ನನಗೇ.

ಮೊದಲು ಬರುವುದು ಮನಸ್ಸಿನ ಭಯವೋ, ಎದೆಯ ಡವಡವವೋ?

ಇದು ನೂರನಲವತ್ತು ವರ್ಷ ಹಳೆಯ ವಾದ. 1884ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಲೋಕರೂಢಿಯನ್ನು ತಲೆಕೆಳಗು ಮಾಡಿದರು. ಕರಡಿ ಕಂಡು ಹೆದರಿ ಓಡುತ್ತೇವೆ ಅನ್ನುವುದು ತಪ್ಪು. ದೇಹ ಓಡಲು, ನಡುಗಲು ತೊಡಗುತ್ತದೆ, ಆ ನಡುಕದ ಅರಿವೇ ಭಯ ಎಂದರು. ಮರುವರ್ಷ ಡೆನ್ಮಾರ್ಕಿನ ಕಾರ್ಲ್ ಲಾಂಗೆ ಹೆಚ್ಚುಕಡಿಮೆ ಅದನ್ನೇ ಹೇಳಿದರು. ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಒಪ್ಪಲಿಲ್ಲ. ಒಳಾಂಗಗಳಿಂದ ಸುದ್ದಿ ಬರದಂತೆ ನರ ಕತ್ತರಿಸಿದ ಬೆಕ್ಕುಗಳೂ ಸಿಟ್ಟು ತೋರಿಸುತ್ತವೆ. ಮೇಲಾಗಿ ಭಯಕ್ಕೂ ಕೋಪಕ್ಕೂ ಜ್ವರಕ್ಕೂ ಎದೆ ಒಂದೇ ಥರ ಹೊಡೆದುಕೊಳ್ಳುತ್ತದೆ, ಬರೀ ಅದರಿಂದ ಯಾವುದು ಯಾವುದೆಂದು ಹೇಗೆ ತಿಳಿದೀತು ಎಂದು 1927ರಲ್ಲಿ ಕೇಳಿದರು.

ಆ ಪ್ರಶ್ನೆಗೆ 1962ರಲ್ಲಿ ಮನಶ್ಶಾಸ್ತ್ರಜ್ಞರಾದ ಶಾಕ್ಟರ್ ಮತ್ತು ಸಿಂಗರ್ ಕೊಟ್ಟ ಉತ್ತರ: ದೇಹದ ಕುದಿತಕ್ಕೆ ಸುತ್ತಲಿನ ಸಂದರ್ಭ ನೋಡಿ ನಾವು ಹೆಸರಿಡುತ್ತೇವೆ. ವಿಟಮಿನ್ ಎಂದು ನಂಬಿ, ಎದೆಬಡಿತ ಏರಿಸುವ ಅಡ್ರಿನಲಿನ್ ಚುಚ್ಚಿಸಿಕೊಂಡವರು ಪಕ್ಕದವನ ಖುಷಿಯನ್ನೋ ಸಿಟ್ಟನ್ನೋ ಅಂಟಿಸಿಕೊಂಡರೆಂದು ಅವರು ವರದಿ ಮಾಡಿದರು. ಮುಂದಿನ ಮರುಪ್ರಯೋಗಗಳಲ್ಲಿ ಆ ಫಲಿತಾಂಶ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ, ಆದರೆ ವಿಚಾರ ಉಳಿಯಿತು. 1974ರ ಒಂದು ಪ್ರಯೋಗ ಮಕ್ಕಳಿಗೆ ಬಹಳ ಇಷ್ಟ. ಕೆನಡಾದ ವ್ಯಾಂಕೂವರ್ ಬಳಿ ಕಪಿಲಾನೋ ಎಂಬ ತೂಗುಸೇತುವೆ ಇದೆ, ಕೆಳಗೆ ಸುಮಾರು 70 ಮೀಟರ್ ಕಣಿವೆ. ಓಲಾಡುವ ಆ ಸೇತುವೆಯ ಮೇಲೆ ಯುವತಿಯೊಬ್ಬಳು ಗಂಡಸರಿಗೆ ಪ್ರಶ್ನಾವಳಿ ಕೊಟ್ಟು ತನ್ನ ಫೋನ್ ನಂಬರನ್ನೂ ಕೊಟ್ಟಳು. ಅಲ್ಲಿ ನಂಬರ್ ತೆಗೆದುಕೊಂಡವರಲ್ಲಿ ಅರ್ಧದಷ್ಟು ಮಂದಿ ನಂತರ ಕರೆ ಮಾಡಿದರು. ಭದ್ರವಾದ, ತಗ್ಗಿನ ಸೇತುವೆಯಲ್ಲಿ ಅದೇ ರೀತಿ ನಂಬರ್ ಪಡೆದವರಲ್ಲಿ ಕರೆ ಮಾಡಿದ್ದು ಇಬ್ಬರೇ. ಎತ್ತರದ ಭಯಕ್ಕೆ ಏರಿದ ಎದೆಬಡಿತವನ್ನು ಆಕರ್ಷಣೆ ಎಂದು ಓದಿಕೊಂಡರು ಎಂಬುದು ಪ್ರಯೋಗ ನಡೆಸಿದವರ ವಿವರಣೆ.

ಇಂದು ಹೆಚ್ಚಿನವರು ಇದನ್ನು ಸರದಿಯಾಗಿ ನೋಡುವುದಿಲ್ಲ. ಮಿದುಳು ಸದಾ ಮುಂದೇನಾಗುತ್ತದೆಂದು ಊಹಿಸುತ್ತಿರುತ್ತದೆ, ಆ ಊಹೆಗೆ ತಕ್ಕಂತೆ ದೇಹವನ್ನು ಅಣಿಗೊಳಿಸುತ್ತದೆ, ದೇಹದಿಂದ ಬಂದ ಸುದ್ದಿ ನೋಡಿ ಊಹೆಯನ್ನು ತಿದ್ದಿಕೊಳ್ಳುತ್ತದೆ. ಎದೆ ಮತ್ತು ತಲೆ ಎರಡೂ ಮಾತಾಡುತ್ತಲೇ ಇರುತ್ತವೆ.

ಭಾವನೆ ಇಲ್ಲದೆ ಬರೀ ಬುದ್ಧಿಯಿಂದ ಬದುಕಿದರೆ ಒಳ್ಳೆಯದಲ್ಲವೇ?

ನನಗೆ ಅತಿ ಮುಖ್ಯವೆನ್ನಿಸುವ ಪ್ರಶ್ನೆ ಇದು. "ಭಾವನೆಗೆ ಬೆಲೆ ಕೊಡಬೇಡ, ತಲೆ ಉಪಯೋಗಿಸು" ಎಂದು ಬೆಳೆದವರು ನಾವು. ಎರಡೂ ಎದುರಾಳಿಗಳೆಂಬ ನಂಬಿಕೆ ಅದರ ಬುಡದಲ್ಲಿದೆ.

ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ ಅವರ ಬಳಿ ಬಂದ ಒಬ್ಬ ರೋಗಿಯನ್ನು ಅವರು ಎಲಿಯಟ್ ಎಂಬ ಗುಪ್ತನಾಮದಿಂದ ಕರೆದರು. ಹಣೆಯ ಹಿಂದೆ ಬೆಳೆದ ಗಡ್ಡೆಯನ್ನು ತೆಗೆಯುವಾಗ ಮಿದುಳಿನ ಮುಂಭಾಗದ ಒಂದಿಷ್ಟು ಊತಕವೂ ಹೋಗಿತ್ತು. ಬುದ್ಧಿಮತ್ತೆ, ನೆನಪು, ಮಾತು, ಲೆಕ್ಕ ಎಲ್ಲವೂ ಪರೀಕ್ಷೆಯಲ್ಲಿ ಚೆನ್ನಾಗಿದ್ದವು. ಆದರೆ ಭೀಕರ ಅಪಘಾತದ ಚಿತ್ರ ತೋರಿಸಿದರೂ ಆತನೊಳಗೆ ಏನೂ ಅಲುಗುತ್ತಿರಲಿಲ್ಲ. ಬರೀ ಬುದ್ಧಿಯ ಮನುಷ್ಯ ಕೊನೆಗೂ ಸಿಕ್ಕ ಅನ್ನಬಹುದು. ಆತನ ಬದುಕು ಕುಸಿದುಬಿತ್ತು. ಕಡತಗಳನ್ನು ಹೇಗೆ ವಿಂಗಡಿಸಲಿ ಎಂಬ ಯೋಚನೆಯಲ್ಲೇ ಮಧ್ಯಾಹ್ನ ಕಳೆದುಹೋಗುತ್ತಿತ್ತು. ಕೆಲಸ ಹೋಯಿತು, ಉಳಿತಾಯ ಹೋಯಿತು, ಮದುವೆ ಮುರಿಯಿತು. ನೂರು ಆಯ್ಕೆಗಳನ್ನು ಬುದ್ಧಿ ಸಾಲಾಗಿ ಜೋಡಿಸಿ ಇಡಬಲ್ಲದು. ಇದು ಬೇಕು, ಅದು ಬೇಡ ಎಂದು ಒಂದಕ್ಕೆ ತೂಕ ಕೊಡುವುದು ಭಾವನೆ. ಡಮಾಸಿಯೊ 1994ರಲ್ಲಿ ಈ ವಾದವನ್ನು ವಿಸ್ತಾರವಾಗಿ ಮಂಡಿಸಿದರು.

ಹಾಗಂತ ಭಾವನೆ ಹೇಳಿದ್ದೆಲ್ಲ ನಿಜವಲ್ಲ. ಅದು ಕೊಡುವುದು ಒಂದು ಸಲಹೆ. ನಿಮಗೆ ಯಾವುದು ಮುಖ್ಯ ಎಂಬುದರ ಬಗ್ಗೆ ಅದು ಬಹಳ ಸಲ ಸರಿ, ಹೊರಗೆ ನಿಜವಾಗಿ ಏನು ನಡೆಯುತ್ತಿದೆ ಎಂಬುದರ ಬಗ್ಗೆ ಹಲವು ಸಲ ತಪ್ಪು.

ಅಪಾಯವೇ ಇಲ್ಲದಿದ್ದರೂ ಭಯ ಯಾಕೆ?

ಅದು ದೋಷ ಅನ್ನಿಸುತ್ತದೆ, ಆದರೆ ವಿಕಾಸದ ಲೆಕ್ಕದಲ್ಲಿ ಅದೇ ಜಾಣತನ. ಮಬ್ಬುಗತ್ತಲಲ್ಲಿ ಹಗ್ಗ ಕಂಡು ಹಾವೆಂದು ಹಾರಿದರೆ ನಷ್ಟ ಒಂದು ಕ್ಷಣದ ಶಕ್ತಿ. ಹಾವನ್ನು ಹಗ್ಗವೆಂದು ತುಳಿದರೆ ನಷ್ಟ ಜೀವ. ವೇದಾಂತಿಗಳು ಭ್ರಮೆಗೆ ಕೊಡುತ್ತಿದ್ದ ಈ ಉದಾಹರಣೆಯನ್ನು ನಾನು ಜೀವಶಾಸ್ತ್ರಕ್ಕೆ ಎರವಲು ತೆಗೆದುಕೊಳ್ಳುತ್ತೇನೆ. ಸಾವಿರ ಸಲ ಸುಮ್ಮನೆ ಬೆಚ್ಚಿಬಿದ್ದರೂ ಒಂದು ಸಲ ಉಳಿಯುವುದು ಲಾಭ. ವೈದ್ಯ ರ‍್ಯಾಂಡಾಲ್ಫ್ ನೆಸ್ಸಿ ಇದನ್ನು ಹೊಗೆ ಪತ್ತೆ ಯಂತ್ರಕ್ಕೆ ಹೋಲಿಸಿದರು: ಒಗ್ಗರಣೆಯ ಹೊಗೆಗೂ ಕೂಗುವ ಯಂತ್ರವೇ ನಿಜವಾದ ಬೆಂಕಿಯನ್ನು ತಪ್ಪಿಸಿಕೊಳ್ಳದೆ ಹಿಡಿಯುತ್ತದೆ.

ಹಾವಿನ ಭಯ ಹುಟ್ಟಿನಿಂದಲೇ ಬರುತ್ತದೆಯೇ? ಪೂರ್ತಿ ಹಾಗಲ್ಲ. 1980ರ ದಶಕದಲ್ಲಿ ಸೂಸನ್ ಮಿನೆಕಾ ಮತ್ತು ಸಂಗಡಿಗರು ತೋರಿಸಿದಂತೆ, ಪ್ರಯೋಗಾಲಯದಲ್ಲಿ ಹುಟ್ಟಿ ಬೆಳೆದ ಕೋತಿಗಳಿಗೆ ಹಾವಿನ ಭಯವಿರಲಿಲ್ಲ. ಇನ್ನೊಂದು ಕೋತಿ ಹಾವಿಗೆ ಹೆದರುವ ವಿಡಿಯೊ ನೋಡಿದ ಮೇಲೆ ಬೇಗನೆ ಕಲಿತವು. ಅದೇ ವಿಡಿಯೊದಲ್ಲಿ ಹಾವಿನ ಜಾಗಕ್ಕೆ ಹೂವನ್ನು ಸೇರಿಸಿ ತೋರಿಸಿದರೆ ಹೂವಿಗೆ ಹೆದರಲು ಕಲಿಯಲಿಲ್ಲ. ಕೆಲವು ಭಯಗಳನ್ನು ಸುಲಭವಾಗಿ ಕಲಿಯುವ ಸಿದ್ಧತೆ ಮೊದಲೇ ಇರುತ್ತದೆ.

ಇನ್ನು ಪರೀಕ್ಷೆ ಹಾಲಿನ ಬೆವರು. ಅಂಗೈ, ಅಂಗಾಲಿನ ಬೆವರುಗ್ರಂಥಿಗಳು ಸೆಖೆಗಿಂತ ಹೆಚ್ಚಾಗಿ ಮನಸ್ಸಿನ ಉದ್ವೇಗಕ್ಕೆ ಸ್ಪಂದಿಸುತ್ತವೆ. ತುಸು ತೇವವಾದ ಚರ್ಮಕ್ಕೆ ಹಿಡಿತ ಹೆಚ್ಚು. ಮರ ಹತ್ತುತ್ತಿದ್ದ ಪೂರ್ವಜರಿಗೆ ಅದು ಬೇಕಿತ್ತು ಎಂಬುದು ಒಂದು ವಿವರಣೆ. ಈಗ ಹಿಡಿಯಲು ಕೊಂಬೆ ಇಲ್ಲ, ಪೆನ್ನಿದೆ. ದೇಹಕ್ಕೆ ಆ ವ್ಯತ್ಯಾಸ ಗೊತ್ತಿಲ್ಲ. ಭೀಮನ ಆರ್ಭಟ ಕೇಳಿ ಕೊಳದ ನೀರಿನೊಳಗಿದ್ದೂ ಬೆವರಿದ ರನ್ನನ ದುರ್ಯೋಧನ ನಮ್ಮ ಮಕ್ಕಳಿಗೆ ಗೊತ್ತು. ಬೆವರು ಬಿಸಿಲಿಗೆ ಮಾತ್ರ ಬರುವುದಲ್ಲ ಎಂದು ವಿವರಿಸಲು ನನಗೆ ಅದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ.

ಅಮಿಗ್ಡಲ ಭಯದ ಕೇಂದ್ರ ಅನ್ನುತ್ತಾರಲ್ಲ?

ಅರ್ಧ ಸತ್ಯ. ಬಾದಾಮಿ ಆಕಾರದ ಈ ಭಾಗ ಮಿದುಳಿನ ಎರಡೂ ಬದಿಗಳಲ್ಲಿದೆ. ಅಪರೂಪದ ಕಾಯಿಲೆಯಿಂದ ಎರಡೂ ನಾಶವಾದ, ಎಸ್.ಎಂ. ಎಂಬ ಅಕ್ಷರಗಳಿಂದಷ್ಟೇ ಗುರುತಿಸುವ ಅಮೆರಿಕದ ಮಹಿಳೆ ಹಾವು, ಜೇಡಗಳಿಗೆ ಹೆದರುತ್ತಿರಲಿಲ್ಲ. ಆದರೆ ಶೇ. 35ರಷ್ಟು ಇಂಗಾಲದ ಡೈಆಕ್ಸೈಡ್ ಇದ್ದ ಗಾಳಿಯನ್ನು ಒಮ್ಮೆ ಉಸಿರಾಡಿಸಿದಾಗ ಆಕೆ ಗಾಬರಿಗೊಂಡು ಮುಖವಾಡ ಕಿತ್ತುಹಾಕಿದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳಿದ್ದಿಷ್ಟು: ಹೊರಗಿನ ಅಪಾಯವನ್ನು ಗುರುತಿಸಲು ಅಮಿಗ್ಡಲ ಬೇಕು, ಉಸಿರುಗಟ್ಟುವಂಥ ಒಳಗಿನ ಅಪಾಯಕ್ಕೆ ಬೇರೆ ದಾರಿಗಳೂ ಇವೆ. ಒಂದು ಭಾವನೆಗೆ ಒಂದೇ ಕೇಂದ್ರ ಎಂಬ ಸರಳ ನಕ್ಷೆ ಮಿದುಳಿಗೆ ಹೊಂದುವುದಿಲ್ಲ.

ಅಸಹ್ಯದಿಂದ ಏನು ಉಪಯೋಗ?

ಕೊಳೆತದ್ದು, ಕೀವು, ಮಲ, ಹುಳ ಇವುಗಳಿಂದ ದೂರ ತಳ್ಳಿ ರೋಗದಿಂದ ಕಾಯುತ್ತದೆ. ಸೂಕ್ಷ್ಮಜೀವಿಯ ಅರಿವೇ ಇಲ್ಲದ ಕಾಲದಲ್ಲೂ ಅದರಿಂದ ತಪ್ಪಿಸಿಕೊಳ್ಳಲು ನಮಗಿದ್ದ ಉಪಾಯ ಇದು. ಅತಿಯಾಗಿ ಎಚ್ಚರಿಸುವ ಗುಣ ಇಲ್ಲೂ ಇದೆ. ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಸಂಪೂರ್ಣ ಶುದ್ಧೀಕರಿಸಿದ ಸತ್ತ ಜಿರಲೆಯನ್ನು ಹಣ್ಣಿನ ರಸಕ್ಕೆ ಅದ್ದಿ ತೆಗೆದರು. ಅಪಾಯವಿಲ್ಲವೆಂದು ಗೊತ್ತಿದ್ದರೂ ಜನರಿಗೆ ಕುಡಿಯಲು ಮನಸ್ಸು ಬರಲಿಲ್ಲ. ಒಮ್ಮೆ ಮುಟ್ಟಿದರೆ ಸದಾ ಅಂಟಿಕೊಂಡಿತು ಎಂಬುದು ಅಸಹ್ಯದ ತರ್ಕ.

ಈ ತರ್ಕ ವಸ್ತುವನ್ನು ಬಿಟ್ಟು ಮನುಷ್ಯರ ಮೇಲೆ ತಿರುಗಿದಾಗ ಏನಾಗುತ್ತದೆಂದು ನಮ್ಮ ಸಮಾಜಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಬೇರೆ ಲೋಟ, ಬೇರೆ ಬಾವಿ, ದೂರದಿಂದ ಸುರಿದ ನೀರು. ಪುಟ್ಟ ಮಗುವಿಗೆ ಯಾವುದು ಅಸಹ್ಯವೆಂದು ಹುಟ್ಟಿನಿಂದ ಗೊತ್ತಿರುವುದಿಲ್ಲ, ನೆಲದ ಮೇಲಿನದನ್ನೆಲ್ಲ ಬಾಯಿಗಿಡುತ್ತದೆ. ಯಾವುದಕ್ಕೆ ಹೇಸಬೇಕೆಂಬುದನ್ನು ದೊಡ್ಡವರ ಮುಖ ನೋಡಿ ಕಲಿಯುತ್ತದೆ. ಮನುಷ್ಯರಿಗೆ ಹೇಸುವುದನ್ನೂ ಹಾಗೆಯೇ ಕಲಿಸಲಾಗಿದೆ. "ನನಗೆ ಒಳಗಿಂದಲೇ ಹಾಗನ್ನಿಸುತ್ತೆ" ಎಂಬ ಮಾತನ್ನು ಇಂಥ ಕಡೆ ಪ್ರಕೃತಿಯ ತೀರ್ಪೆಂದು ಯಾರೂ ಮುಂದಿಡಬಾರದು.

ಕೋಪವನ್ನು ಹೊರಹಾಕಿದರೆ ಹಗುರಾಗುತ್ತದಾ?

ಹಾಲು ಉಕ್ಕುವ ಪಾತ್ರೆಯ ಚಿತ್ರ ನಮ್ಮ ಮನಸ್ಸಿನಲ್ಲಿದೆ: ಹೊರಬಿಡದಿದ್ದರೆ ಒಳಗೇ ಕುದಿಯುತ್ತದೆ ಎಂದು. ಪ್ರಯೋಗಗಳು ಇದನ್ನು ಎತ್ತಿ ಹಿಡಿಯುವುದಿಲ್ಲ. 2002ರಲ್ಲಿ ಬ್ರಾಡ್ ಬುಶ್‌ಮನ್ ಸಿಟ್ಟಿಗೆದ್ದವರಲ್ಲಿ ಕೆಲವರಿಗೆ, ಸಿಟ್ಟು ಬರಿಸಿದವನನ್ನೇ ನೆನೆಯುತ್ತ ಗುದ್ದುಚೀಲಕ್ಕೆ ಗುದ್ದಲು ಹೇಳಿದರು. ಅವರ ಕೋಪ ಹೆಚ್ಚಿತು. ಎರಡು ನಿಮಿಷ ಸುಮ್ಮನೆ ಕೂತವರೇ ಕಡಿಮೆ ಆಕ್ರಮಣಕಾರಿಯಾಗಿದ್ದರು. 154 ಅಧ್ಯಯನಗಳನ್ನು ಒಟ್ಟುಗೂಡಿಸಿ 2024ರಲ್ಲಿ ಬಂದ ವಿಶ್ಲೇಷಣೆಯೂ ಇದನ್ನೇ ಹೇಳುತ್ತದೆ: ದೇಹದ ಕಾವನ್ನು ತಣಿಸುವ ಆಳ ಉಸಿರಾಟ, ಧ್ಯಾನ, ಯೋಗದಂಥವು ಕೆಲಸ ಮಾಡುತ್ತವೆ, ಕಾವೇರಿಸುವ ಕೂಗಾಟ, ಹೊಡೆದಾಟ ಮಾಡುವುದಿಲ್ಲ.

ಆದರೆ ಕೋಪ ಕೆಟ್ಟದ್ದೆಂದು ನಾನು ಎಂದೂ ಹೇಳಿಕೊಡುವುದಿಲ್ಲ. ದಾರಿಗೆ ಅಡ್ಡ ಬಂದಾಗ, ನಮ್ಮನ್ನು ಹಗುರವಾಗಿ ಕಂಡಾಗ, ಅನ್ಯಾಯವಾದಾಗ ಅದು ಏಳುತ್ತದೆ. "ನನ್ನನ್ನು ಹೀಗೆ ನಡೆಸಿಕೊಳ್ಳಬೇಡ" ಎಂದು ಎದುರಿನವರ ಲೆಕ್ಕ ಬದಲಿಸುವುದು ಅದರ ಕೆಲಸ. ಹೆಣ್ಣುಮಕ್ಕಳಿಗೆ ಸಿಟ್ಟು ಬರಬಾರದೆಂದು ಬೆಳೆಸುವ ಮನೆಗಳಲ್ಲಿ ಈ ಕೆಲಸ ನಡೆಯುವುದೇ ಇಲ್ಲ. ಅಲ್ಲಿ ಕೋಪ ಕಣ್ಣೀರಾಗಿ ಬರುವುದರಲ್ಲಿ ಆಶ್ಚರ್ಯವೇನಿದೆ?

ಹಾಗಾದರೆ ಅಳು ಯಾಕೆ? ದುಃಖದಿಂದ ಏನು ಲಾಭ?

ಕಣ್ಣನ್ನು ಒದ್ದೆಯಾಗಿಡುವ ನೀರು, ಈರುಳ್ಳಿ ಹೆಚ್ಚಿದಾಗ ಬರುವ ನೀರು ಎಷ್ಟೋ ಪ್ರಾಣಿಗಳಿಗಿದೆ. ಭಾವಕ್ಕೆ ಕಣ್ಣೀರು ಹಾಕುವುದು ಮನುಷ್ಯರಲ್ಲಿ ಮಾತ್ರ ಎಂಬುದು ಇಂದಿನ ತಿಳಿವಳಿಕೆ. ಹಸುಗೂಸು ಕೂಗುತ್ತದೆ, ಆದರೆ ಮೊದಲ ಕೆಲವು ವಾರ ಕಣ್ಣೀರು ಹರಿಯುವುದಿಲ್ಲ. ಅಳುವ ಮುಖಗಳ ಫೋಟೊಗಳಿಂದ ಕಣ್ಣೀರನ್ನಷ್ಟೇ ಕಂಪ್ಯೂಟರಿನಲ್ಲಿ ಅಳಿಸಿ ರಾಬರ್ಟ್ ಪ್ರೊವೈನ್ ಜನರಿಗೆ ತೋರಿಸಿದರು. ದುಃಖ ಕಡಿಮೆಯಾದಂತೆ ಕಂಡಿತು. ಕೆಲವು ಮುಖಗಳಲ್ಲಿ ಯಾವ ಭಾವವಿದೆಯೆಂದೇ ತಿಳಿಯದಾಯಿತು. ಕಣ್ಣೀರು ಸದ್ದಿಲ್ಲದ ಕರೆ: ನನ್ನಿಂದಾಗುತ್ತಿಲ್ಲ, ಹತ್ತಿರ ಬಾ. ಅಸಹಾಯಕತೆ ಅದರ ತಿರುಳು. ಸಿಟ್ಟಿನಲ್ಲಿ ಅಳು ಬರುವುದೂ ಹೆಚ್ಚಾಗಿ ಹೇಳಲಾಗದ, ಎದುರಿಸಲಾಗದ ಸಂದರ್ಭದಲ್ಲೇ.

ಸಾವಿನ ದುಃಖದ ಬಗ್ಗೆ ನನ್ನದೇ ಮಾತು ಹೇಳುತ್ತೇನೆ. ಅಜ್ಜಿ ತೀರಿಕೊಂಡ ದಿನ ನನಗೆ ಅಳು ಬರಲಿಲ್ಲ. ಬಂದವರಿಗೆ ಕಾಫಿ ಕೊಟ್ಟೆ, ಲೆಕ್ಕ ಬರೆದೆ. ಹದಿನೈದು ದಿನದ ಮೇಲೆ ಬೀರುವಿನಲ್ಲಿ ಅವಳ ಎಲೆ ಅಡಿಕೆ ಸಂಚಿ ಸಿಕ್ಕಿತು. ಒಳಗೆ ಒಣಗಿದ ಎರಡು ವೀಳ್ಯದೆಲೆ. ಅಲ್ಲೇ ಕುಸಿದು ಕೂತೆ. ನನ್ನಲ್ಲಿ ಪ್ರೀತಿ ಕಡಿಮೆಯಿತ್ತೇ ಎಂದು ಬಹಳ ದಿನ ಕೊರಗಿದ್ದೆ. ಹಾಗಲ್ಲವೆಂದು ಓದಿನಿಂದ ತಿಳಿಯಿತು. ಹತ್ತಿರದವರು ಸದಾ ಇರುತ್ತಾರೆಂಬ ಊಹೆಯ ಮೇಲೆ ಮಿದುಳು ವರ್ಷಗಟ್ಟಲೆ ಮನೆ ಕಟ್ಟಿರುತ್ತದೆ. ಸಾವಿನ ಸುದ್ದಿ ಒಂದು ಕ್ಷಣದಲ್ಲಿ ಬರುತ್ತದೆ, ಊಹೆ ಒಂದೊಂದೇ ಇಟ್ಟಿಗೆಯಾಗಿ ಬೀಳುತ್ತದೆ. ಬಾಗಿಲು ತೆಗೆದಾಗ, ಹಬ್ಬಕ್ಕೆ ಎಲೆ ಹಾಕುವಾಗ, ಫೋನ್ ಮಾಡೋಣವೆಂದು ಕೈ ಹೋದಾಗ. ನೋವು ಅಲೆಅಲೆಯಾಗಿ ಬರುವುದು ಅದಕ್ಕೇ. ಇದರಿಂದ ಲಾಭವೇನು ಎಂದು ಕೇಳಿದರೆ, ಬಹುಶಃ ದುಃಖಕ್ಕಾಗಿ ದುಃಖ ವಿಕಾಸವಾಗಲಿಲ್ಲ. ಕಳೆದುಹೋದ ತಾಯಿಗಾಗಿ ಕೂಗುವ, ಕಾಣದ ಮಗುವನ್ನು ಹುಡುಕುವ ಬಾಂಧವ್ಯ ವಿಕಾಸವಾಯಿತು. ಹುಡುಕಿದರೂ ಸಿಗದವರ ಪಾಲಿಗೆ ಅದೇ ದುಃಖ.

ಡೋಪಮೈನ್ ಅಂದರೆ ಸಂತೋಷದ ರಾಸಾಯನಿಕವೇ?

ಅಲ್ಲ. ಅದು ಮಿದುಳಿನ ನರಕೋಶಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕ. ಕೋತಿಗಳಿಗೆ ಹಣ್ಣಿನ ರಸ ಕೊಡುತ್ತ ವೋಲ್ಫ್‌ರಾಮ್ ಶುಲ್ಟ್ಸ್ ಕಂಡದ್ದು ಹೀಗೆ: ಅನಿರೀಕ್ಷಿತವಾಗಿ ರಸ ಬಂದಾಗ ಡೋಪಮೈನ್ ನರಕೋಶಗಳು ಚುರುಕಾದವು. ದೀಪ ಹತ್ತಿದ ಮೇಲೆ ರಸ ಬರುತ್ತದೆಂದು ಕಲಿತ ಬಳಿಕ ಅವು ದೀಪಕ್ಕೆ ಸ್ಪಂದಿಸಿದವು, ರಸಕ್ಕಲ್ಲ. ದೀಪ ಹತ್ತಿಯೂ ರಸ ಬಾರದಿದ್ದರೆ ಮಂಕಾದವು. ಎಣಿಸಿದ್ದಕ್ಕಿಂತ ಹೆಚ್ಚು ಸಿಕ್ಕಿತೋ ಕಡಿಮೆಯೋ ಎಂಬ ಲೆಕ್ಕವಿದು. ಬೇಕೆನ್ನಿಸುವುದೂ ಹಿತವೆನ್ನಿಸುವುದೂ ಮಿದುಳಿನಲ್ಲಿ ಬೇರೆ ಬೇರೆ ಎಂದು ಕೆಂಟ್ ಬೆರಿಡ್ಜ್ ತೋರಿಸಿದರು. ಸುಖ ಸಿಗದಿದ್ದರೂ ಮತ್ತೆ ಮತ್ತೆ ಫೋನ್ ತೆರೆಯುವ ಕೈಗೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಗೊತ್ತಿಲ್ಲ.

ಎಲ್ಲ ದೇಶದವರ ಭಾವನೆಯೂ ಒಂದೇನಾ?

1872ರಲ್ಲಿ ಚಾರ್ಲ್ಸ್ ಡಾರ್ವಿನ್ ಮುಖಭಾವಗಳು ಪ್ರಾಣಿಗಳಿಂದ ನಮಗೆ ಬಂದ ಬಳುವಳಿ ಎಂದು ವಾದಿಸಿದರು. 1960ರ ದಶಕದ ಕೊನೆಯಲ್ಲಿ ಪಾಲ್ ಎಕ್‌ಮನ್ ಪಪುವಾ ನ್ಯೂ ಗಿನಿಯ ಫೋರೆ ಜನರಿಗೆ ಫೋಟೊ ತೋರಿಸಿ, ಮೂಲ ಭಾವಗಳ ಮುಖ ಎಲ್ಲೆಡೆ ಒಂದೇ ಎಂದರು. ಅದೇ ಪಪುವಾ ನ್ಯೂ ಗಿನಿಯ ಟ್ರೋಬ್ರಿಯಾಂಡ್ ದ್ವೀಪದಲ್ಲಿ ಕಾರ್ಲೋಸ್ ಕ್ರಿವೆಲ್ಲಿ ಮತ್ತು ಸಂಗಡಿಗರು 2016ರಲ್ಲಿ ಕಂಡದ್ದು ಬೇರೆ: ನಾವು ಭಯವೆಂದು ಓದುವ, ಕಣ್ಣು ಬಾಯಿ ತೆರೆದ ಮುಖವನ್ನು ಅಲ್ಲಿನವರು ಬೆದರಿಕೆಯೆಂದು ಓದಿದರು. ಲಿಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತಿತರರು 2019ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಕೋಪ ಬಂದಾಗ ಜನ ಹುಬ್ಬು ಗಂಟಿಕ್ಕುವುದು ಶೇ. 30ರಷ್ಟು ಸಲ ಮಾತ್ರ ಎಂದರು. ಮುಖ ನೋಡಿ ಮನಸ್ಸು ಓದುತ್ತೇವೆನ್ನುವ ಯಂತ್ರಗಳನ್ನು ನಾನು ನಂಬದಿರುವುದು ಇದಕ್ಕೇ. ಐರೋಪ್ಯ ಒಕ್ಕೂಟವಂತೂ ಶಾಲೆ ಮತ್ತು ಕೆಲಸದ ಜಾಗಗಳಲ್ಲಿ ಅಂಥ ಕೃತಕ ಬುದ್ಧಿಮತ್ತೆಯನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳ ಹೊರತು, 2025ರ ಫೆಬ್ರವರಿಯಿಂದ ನಿಷೇಧಿಸಿದೆ.

ಕಚ್ಚಾ ಸಾಮಗ್ರಿ ಎಲ್ಲರಿಗೂ ಒಂದೇ, ಅಡುಗೆ ಆಯಾ ಭಾಷೆಯದು ಎಂದು ನನಗನ್ನಿಸುತ್ತದೆ. ಕನ್ನಡದ ಮುನಿಸು ನೋಡಿ. ಬಸ್ಸಿನಲ್ಲಿ ಕಾಲು ತುಳಿದವನ ಮೇಲೆ ಸಿಟ್ಟು ಬರುತ್ತದೆ, ಮುನಿಸು ಬರುವುದಿಲ್ಲ. ಅದು ಸಲಿಗೆ ಇರುವವರ ಮೇಲೆ ಮಾತ್ರ, ರಮಿಸಲಿ ಎಂಬ ಆಸೆಯೂ ಅದರೊಳಗೇ ಇರುತ್ತದೆ. ಕಳವಳ, ತಳಮಳ, ಬೇಗುದಿ, ಅಳಲು: ಇವೆಲ್ಲವನ್ನೂ "ಟೆನ್ಷನ್" ಎಂಬ ಒಂದೇ ಪದಕ್ಕೆ ತುಂಬುವ ನನ್ನ ವಿದ್ಯಾರ್ಥಿಗಳಿಗೆ ಹಳೆಯ ಪದಗಳನ್ನು ಮತ್ತೆ ಕೊಡಲು ನನಗೊಂದು ವೈಜ್ಞಾನಿಕ ಕಾರಣವಿದೆ. ತಮ್ಮ ಭಾವನೆಗಳನ್ನು ಸೂಕ್ಷ್ಮವಾಗಿ ಬಿಡಿಸಿ ಹೆಸರಿಸಬಲ್ಲವರು ಅವನ್ನು ಚೆನ್ನಾಗಿ ನಿಭಾಯಿಸುತ್ತಾರೆಂದು ಹಲವು ಅಧ್ಯಯನಗಳು ಹೇಳುತ್ತವೆ.

ಪ್ರಾಣಿಗಳಿಗೂ ಭಾವನೆ ಇದೆಯೇ?

ಭಾವನೆಗೆ ಬೇಕಾದ ಮಿದುಳಿನ ಮೂಲ ನರಜಾಲಗಳು ಸಸ್ತನಿಗಳೆಲ್ಲದರಲ್ಲೂ ಇವೆ. ಯಾಕ್ ಪ್ಯಾಂಕ್‌ಸೆಪ್ ಇಲಿಗಳಿಗೆ ಕಚಗುಳಿ ಇಟ್ಟಾಗ ಅವು ನಮಗೆ ಕೇಳದ, 50 ಕಿಲೋಹರ್ಟ್ಸ್ ಸುಮಾರಿನ ಚಿಲಿಪಿಲಿ ಸದ್ದು ಮಾಡಿದವು, ಇನ್ನಷ್ಟು ಬೇಕೆಂದು ಅವರ ಕೈಯನ್ನೇ ಹಿಂಬಾಲಿಸಿದವು. ಅವುಗಳಿಗೆ ಒಳಗೆ ಹೇಗನ್ನಿಸುತ್ತದೆಂಬುದನ್ನು ಅಳೆಯುವ ಸಾಧನ ಯಾರ ಬಳಿಯೂ ಇಲ್ಲ.

ನಗುವಿನ ಮುಖ ಮಾಡಿಕೊಂಡರೆ ಸಂತೋಷ ಬರುತ್ತದಾ?

ಚೂರೇ ಚೂರು. 19 ದೇಶಗಳ 3,878 ಜನರೊಂದಿಗೆ ನಡೆಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಣ್ಣ ಪರಿಣಾಮ ಕಂಡಿತು. ನೊಂದವರಿಗೆ "ಸ್ವಲ್ಪ ನಗು" ಎಂದು ಹೇಳಲು ಅದು ಸಾಕಾಗುವಷ್ಟಿಲ್ಲ.

ಹದಿಹರೆಯದ ಮಗ ಚಿಕ್ಕದಕ್ಕೆಲ್ಲ ಕೂಗಾಡುತ್ತಾನೆ. ಏನು ಮಾಡಲಿ?

ಭಾವನೆಯ ಕಾವು ಈ ವಯಸ್ಸಿನಲ್ಲಿ ಏರುತ್ತದೆ. ತಡೆದು ಯೋಚಿಸಲು ನೆರವಾಗುವ ಹಣೆಯ ಹಿಂದಿನ ಭಾಗ ಇಪ್ಪತ್ತರ ಹರೆಯದ ನಡುವಿನವರೆಗೂ ಬಲಿಯುತ್ತಲೇ ಇರುತ್ತದೆ. ಕುದಿಯುವಾಗ ಬುದ್ಧಿವಾದ ಬೇಡ. ತಣ್ಣಗಾದ ಮೇಲೆ "ಏನನ್ನಿಸಿತು?" ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಅನ್ನಿಸಿದ್ದಕ್ಕೆ ಹೆಸರಿಟ್ಟಾಗ ಅಮಿಗ್ಡಲದ ಚಟುವಟಿಕೆ ಇಳಿಯುವುದನ್ನು ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಸ್ಕ್ಯಾನ್‌ಗಳಲ್ಲಿ ಕಂಡಿತು. ಘಟನೆಯನ್ನು ಇನ್ನೊಂದು ಕಡೆಯಿಂದ ನೋಡುವುದೂ ನೆರವಾಗುತ್ತದೆ. ಸುಮ್ಮನೆ ಅದುಮಿಟ್ಟರೆ ಮುಖ ಶಾಂತವಾಗುತ್ತದೆ, ಒಳಗಿನ ಒತ್ತಡ ಇಳಿಯುವುದಿಲ್ಲ.

ಯಾವಾಗ ಇದು ಕಾಯಿಲೆ? ಯಾರನ್ನು ಕೇಳಬೇಕು?

ಎರಡು ವಾರ ಕಳೆದರೂ ಬೇಸರ ದಿನವಿಡೀ ಬಿಡದೆ ಕಾಡಿದರೆ, ನಿದ್ದೆ, ಊಟ, ಓದು, ಕೆಲಸ ಕೆಟ್ಟರೆ, ಭಯದಿಂದ ಮನೆ ಬಿಟ್ಟು ಹೊರಡಲಾಗದಿದ್ದರೆ ವೈದ್ಯರನ್ನು ಕಾಣಬೇಕು. ಬದುಕು ಸಾಕೆನ್ನಿಸಿದರೆ ಎರಡು ವಾರ ಕಾಯಬೇಡಿ, ಅದೇ ದಿನ ಯಾರಿಗಾದರೂ ಹೇಳಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ಸಿಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಬಹುದು.